ಕೆರೆ ಏರಿಯ ಕಪ್ಪಿನೊಳಗೆ ಕೂತವನು

ಮನುಷ್ಯರಿಗೆ ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟ ಎನ್ನುತ್ತಾರೆ. ತಮ್ಮ ಬಣ್ಣವನ್ನು ಒಪ್ಪಿಕೊಳ್ಳುವುದು ಅದಕ್ಕಿಂತ ಕಷ್ಟ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿಟ್ಟವಳು ನಾನು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಮ್ಮಪ್ಪ ಒಂದು ಫೋಟೋ ಸ್ಟುಡಿಯೋ ಇಟ್ಟಿದ್ದರು. ಅದರ ಹಿಂದಿನ ಸೌದೆ ಕೋಣೆಯೇ ಡಾರ್ಕ್ ರೂಮು. ಆ ಕೋಣೆಯಲ್ಲಿ ಇಪ್ಪತ್ತು ವರ್ಷ ನಿಂತು ನಾನು ಕಲಿತದ್ದು ಇಷ್ಟೇ: ಜನ ಫೋಟೋ ತೆಗೆಸಿಕೊಳ್ಳಲು ಬರುವುದು ತಾವು ಹೇಗಿದ್ದೇವೆ ಎಂದು ನೋಡಿಕೊಳ್ಳಲಿಕ್ಕಲ್ಲ. ಅದಕ್ಕೆ ಮನೆಯಲ್ಲಿ ಕನ್ನಡಿ ಇದೆ, ಕನ್ನಡಿ ಸಾಲದಿದ್ದರೆ ಅತ್ತೆ ಇದ್ದಾಳೆ. ಫೋಟೋ ಬೇಕಾಗುವುದು ಕನ್ನಡಿಯ ಬಾಯಿ ಮುಚ್ಚಿಸಲಿಕ್ಕೆ.

ಆ ಕಾಲದಲ್ಲಿ, ಅಂದರೆ ತೊಂಬತ್ತರ ದಶಕದಲ್ಲಿ, ಬಣ್ಣದ ಫೋಟೋ ಬಂದಾಗಿತ್ತು. ಮದುವೆ ಮನೆಗಳೆಲ್ಲ ಅದರ ಕಡೆ ಹೋಗಿದ್ದವು. ಆದರೂ ಅರ್ಜಿಗೆ, ಹಾಲ್‌ಟಿಕೆಟ್ಟಿಗೆ, ಹೆಣ್ಣು ತೋರಿಸುವುದಕ್ಕೆ, ಗೋಡೆಗೆ ಹಾಕುವ ಸತ್ತವರ ಪಟಕ್ಕೆ ಕಪ್ಪು ಬಿಳುಪೇ ನಡೆಯುತ್ತಿತ್ತು. ಅಪ್ಪ ಮುಂದುಗಡೆ ಕ್ಯಾಮೆರಾ ಹಿಡಿದರೆ ಹಿಂದುಗಡೆ ಪ್ರಿಂಟು ಹಾಕುವವಳು ನಾನು. ಕೆಲಸದ ಗುಟ್ಟು ಸರಳ. ಬೆಳಕು ಬಿದ್ದಷ್ಟೂ ಫೋಟೋ ಕಾಗದ ಕಪ್ಪಾಗುತ್ತದೆ. ತಡೆದಷ್ಟೂ ಬೆಳ್ಳಗೆ ಉಳಿಯುತ್ತದೆ. ಆದ್ದರಿಂದ ಒಂದು ಸೈಕಲ್ ಸ್ಪೋಕಿನ ತುದಿಗೆ ಮದುವೆ ಕರೆಯೋಲೆಯಿಂದ ಕತ್ತರಿಸಿದ ಗುಂಡನೆಯ ರಟ್ಟು ಅಂಟಿಸಿ, ಗಿರಾಕಿಯ ಮುಖ ಬೀಳುವ ಜಾಗಕ್ಕೆ ಅದನ್ನು ಅಡ್ಡ ಹಿಡಿದು ಅಲ್ಲಾಡಿಸುತ್ತಿದ್ದರೆ ಮುಖ ಬೆಳ್ಳಗಾಗುತ್ತದೆ. ಇದಕ್ಕೆ ನಾವು ಕಡ್ಡಿ ಆಡಿಸುವುದು ಎನ್ನುತ್ತಿದ್ದೆವು. ಹೊತ್ತು ಅಳೆಯಲು ನಮ್ಮಲ್ಲಿ ಗಡಿಯಾರ ಇರಲಿಲ್ಲ. ಅಪ್ಪ ಊರ ದೇವರನ್ನೇ ದುಡಿಸಿಕೊಂಡಿದ್ದರು. ‘ನರಸಿಂಹ’ ಎಂದು ನಿಧಾನವಾಗಿ ಒಂದು ಸಲ ಅಂದರೆ ಒಂದು ಸೆಕೆಂಡು. ಪಾಸ್‌ಪೋರ್ಟ್ ಸೈಜಿಗೆ ಹನ್ನೆರಡು ನರಸಿಂಹ. ಅದರಲ್ಲಿ ಮೂರು ನರಸಿಂಹ ಕಡ್ಡಿ. ಹೆಣ್ಣು ನೋಡುವ ಫೋಟೋ ಆದರೆ ಆರು. ಹೀಗೆ ದಿನಕ್ಕೆ ನಾನು ಅಂದ ನಾಮ ಅರ್ಚಕರೂ ಅಂದಿರಲಾರರು. ಪುಣ್ಯ ಬಂದಿದ್ದರೆ ಯಾವುದೋ ಹುಡುಗಿಯ ಕೆನ್ನೆಗೆ ಹೋಗಿರಬೇಕು, ನನಗಂತೂ ತಲುಪಲಿಲ್ಲ.

ಈ ಕಡ್ಡಿಯ ರುಚಿ ನನಗೂ ತಾಗಿದೆ. ನನ್ನನ್ನು ನೋಡಲು ಅರಕಲಗೂಡಿನಿಂದ ಒಂದು ಸಂಬಂಧ ಬಂದಿತ್ತು. ಅಪ್ಪ ಪಿತೃವಾತ್ಸಲ್ಯದಲ್ಲಿ ಹತ್ತು ನರಸಿಂಹ ಕಡ್ಡಿ ಆಡಿಸಿ ನನ್ನ ಫೋಟೋ ಕಳಿಸಿದ್ದರು. ಅದರಲ್ಲಿ ನಾನು ಹಾಲಿನಲ್ಲಿ ಬಿದ್ದು ಎದ್ದವಳ ಹಾಗೆ ಇದ್ದೆ; ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನೋಡುವವರ ಊಹೆಗೆ ಬಿಟ್ಟಿತ್ತು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಗೆ ಬಂದೆ. ಗಂಡಿನ ತಾಯಿ ಕೈಯಲ್ಲಿದ್ದ ಫೋಟೋ ನೋಡಿದರು, ನನ್ನನ್ನು ನೋಡಿದರು, ತಟ್ಟೆ ತೆಗೆದುಕೊಂಡು ಅಪ್ಪನಿಗೆ ಹೇಳಿದರು: “ಉಪ್ಪಿಟ್ಟು ಆಮೇಲಾಗ್ಲಿ, ಮೊದ್ಲು ಹುಡುಗೀನ ಕರೀರಿ.” ಆಮೇಲೆ ನಾನು ಮದುವೆಯಾದದ್ದು ನಮ್ಮ ಎದುರು ಸಾಲಿನ ಸೈಕಲ್ ಶಾಪಿನವರನ್ನು. ಸ್ಪೋಕು ತರಲು ನಾನು ಹೋಗಿಬಂದು ಮಾಡುತ್ತಿದ್ದುದರಿಂದ ಅವರಿಗೆ ನನ್ನ ಫೋಟೋ ನೋಡುವ ಅವಕಾಶ ಬರಲಿಲ್ಲ. ಬಿಸಿಲಿನಲ್ಲೇ ನೋಡಿದ್ದರು. ಪಾಪ, ಧೈರ್ಯಸ್ಥರು.

ಇನ್ನು ನನ್ನ ತಮ್ಮ ವಾಸು. ನನಗಿಂತ ಆರು ವರ್ಷ ಚಿಕ್ಕವನು. ಮನೆಯಲ್ಲಿ ಇಬ್ಬರನ್ನೂ ಓದಿಸುವಷ್ಟು ಕಾಸು ಅಪ್ಪನ ಕೈಯಲ್ಲಿರಲಿಲ್ಲ. ನಾನು ಕತ್ತಲೆ ಕೋಣೆಗೆ ಹೋದೆ, ಅವನು ಹಾಸನದ ಕಾಲೇಜಿಗೆ ಹೋದ. ಇದನ್ನು ನಾನು ತ್ಯಾಗ ಎಂದು ಹೇಳಿಕೊಳ್ಳುವುದಿಲ್ಲ. ಲೆಕ್ಕದ ಮೇಷ್ಟರ ಕೈಯಿಂದ ತಪ್ಪಿಸಿಕೊಳ್ಳಲು ನನಗೂ ಒಂದು ಕತ್ತಲೆ ಕೋಣೆ ಬೇಕಿತ್ತು. ಓದಿ ಮುಗಿಸಿದ ವಾಸು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಅಪ್ಪನ ಹಳೆಯ ಕ್ಯಾಮೆರಾ ತೆಗೆದುಕೊಂಡು ಹೋಗಿ, ಮನುಷ್ಯರೇ ಇಲ್ಲದ ಫೋಟೋ ತೆಗೆಯುವ ಚಟ ಹತ್ತಿಸಿಕೊಂಡ. ಬೆಟ್ಟ, ಕೆರೆ, ಬಂಡೆ, ಬೋಳು ಮರ. ಎಲ್ಲ ಕಪ್ಪು ಬಿಳುಪು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಫಿಲ್ಮ್ ರೋಲು ಹಿಡಿದು ಬರುವನು. “ಈ ಬಂಡೆ ಎಷ್ಟು ಕಾಪಿ ಕೇಳಿದೆ ಮಗಾ?” ಎಂದು ಅಪ್ಪ ಕೇಳುವರು. ಅವನು ನೇರ ಸೌದೆ ಕೋಣೆಗೆ ನಡೆಯುವನು. ಅವನ ಮಾತೆಲ್ಲ ನನ್ನ ಹತ್ತಿರ, ಅದೂ ಕಾಂಟ್ರಾಸ್ಟ್ ಎಂಬ ಒಂದೇ ವಿಷಯ.

“ಅಕ್ಕ, ಕಪ್ಪು ಅಂದ್ರೆ ಕಾಡಿಗೆ ಡಬ್ಬಿ ಬೋರಲಾದ ಹಾಗಿರಬಾರದು, ಅದರೊಳಗೂ ಏನೋ ಇದೆ ಅನ್ನಿಸ್ಬೇಕು. ಬಿಳುಪು ಅಂದ್ರೆ ಸುಣ್ಣ ಬಳಿದಂಗಿರಬಾರದು, ಅದರೊಳಗೂ ಏನೋ ಇರ್ಬೇಕು. ಎರಡೂ ಸಮ ತೂಗ್ಬೇಕು.”

“ನಮ್ಮ ಗಿರಾಕಿಗಳ ಬಿಳುಪಲ್ಲಿ ಏನೂ ಇರಬಾರದು ಕಣೋ. ಏನಾದ್ರೂ ಕಂಡ್ರೆ ವಾಪಸ್ ತರ್ತಾರೆ” ಎಂದೆ ನಾನು.

“ಅದು ವ್ಯಾಪಾರ. ಇದು ಕಲೆ.”

ಕಲೆ ಎಂದರೆ ನನಗೆ ಗೊತ್ತಿದ್ದದ್ದು ಫೋಟೋ ತೊಳೆಯುವ ಹೈಪೋ ನೀರು ಸೀರೆಗೆ ಹಾರಿದರೆ ಉಳಿಯುವ ಕಂದು ಕಲೆ ಮಾತ್ರ. ಆದರೂ ಅವನು ಹೇಳುವುದು ಕೇಳಲು ಚೆನ್ನಾಗಿರುತ್ತಿತ್ತು. ಕೆಂಪು ಬಲ್ಬಿನ ಬೆಳಕಿನಲ್ಲಿ ಇಬ್ಬರೂ ಟ್ರೇ ಮೇಲೆ ಬಗ್ಗಿ, ಬರೀ ಬಿಳಿ ಕಾಗದದಿಂದ ಒಂದು ಬೆಟ್ಟ ನಿಧಾನವಾಗಿ ಎದ್ದು ಬರುವುದನ್ನು ಕಾಯುವಾಗ, ಅವನು ಮೇಷ್ಟರೂ ಅಲ್ಲ, ನಾನು ಏಳನೇ ಕ್ಲಾಸೂ ಅಲ್ಲ. ಸೌದೆ ಕೋಣೆಯಲ್ಲಿ ಸೇರಿಕೊಂಡ ಇಬ್ಬರು ಕಳ್ಳರ ಹಾಗೆ ಇರುತ್ತಿದ್ದೆವು. ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮ ಹೊತ್ತು. ನಾಲ್ಕಾದ ಮೇಲೆ ಹೊಳೆದಂಡೆಯ ಪಂಪ್‌ಸೆಟ್ಟುಗಳು ಶುರುವಾಗಿ ಕರೆಂಟು ಸೊರಗಿದರೆ, ಹನ್ನೆರಡು ನರಸಿಂಹದಲ್ಲಿ ಆಗುವ ಕೆಲಸಕ್ಕೆ ಲಕ್ಷಾರ್ಚನೆ ಬೇಕಾಗುತ್ತಿತ್ತು.

ಒಡಕು ಬಂದದ್ದು ಮೊಸಳೆಯಿಂದ. ಮೊಸಳೆ ಎಂದರೆ ಹಾಸನದ ಹತ್ತಿರದ ಊರು. ಅಲ್ಲಿ ಒಂದರ ಪಕ್ಕ ಒಂದು, ಅಳತೆ ಹಿಡಿದು ಮಾಡಿದಂಥ ಎರಡು ದೇವಸ್ಥಾನಗಳಿವೆ. ವಾಸು ಅವುಗಳ ಫೋಟೋ ತೆಗೆದು, ಶಾಲೆಗೆ ಹೊತ್ತಾಯಿತೆಂದು ನೆಗೆಟಿವ್ ನನ್ನ ಕೈಗೆ ಕೊಟ್ಟು ಹೋದ. ನಾನು ಪ್ರಿಂಟಿಗೆ ಕೂತೆ. ಎರಡು ದೇವಸ್ಥಾನ ಅಕ್ಕಪಕ್ಕ ನಿಂತಿರುವುದನ್ನು ನೋಡಿದ ಕೂಡಲೇ ನನ್ನ ಕೈ ತಾನಾಗಿ ಕಡ್ಡಿ ಎತ್ತಿಕೊಂಡಿತು. ನಮ್ಮ ಸ್ಟುಡಿಯೋದಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ನಿಂತರೆ ಎಡಗಡೆಯವಳನ್ನು ಬೆಳ್ಳಗೆ ಮಾಡುವುದು ಪದ್ಧತಿ. ಆರು ನರಸಿಂಹ ಆಡಿಸಿಬಿಟ್ಟೆ. ಒಣಗಿದ ಮೇಲೆ ನೋಡಿದರೆ ಎಡಗಡೆಯ ದೇವಸ್ಥಾನ ಪೌಡರ್ ಹಾಕಿಕೊಂಡು ಹಸೆಮಣೆಗೆ ಬಂದಂತಿತ್ತು. ಬಲಗಡೆಯದು ಹೆಣ್ಣಿನ ಕಡೆಯವರ ಊಟ ಚೆನ್ನಾಗಿರಲಿಲ್ಲವೆಂದು ಮುಖ ಊದಿಸಿಕೊಂಡಿತ್ತು.

ಮುಂದಿನ ಶನಿವಾರ ವಾಸು ಅದನ್ನು ನೋಡಿದ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು.

“ಏನಕ್ಕ ಇದು? ಇದು ದೇವಸ್ಥಾನ, ಹೆಣ್ಣು ತೋರಿಸೋ ಫೋಟೋ ಅಲ್ಲ!”

“ಸ್ವಲ್ಪ ಲಕ್ಷಣವಾಗಿ ಕಾಣ್ಲಿ ಅಂತ...”

“ಬೆಟ್ಟ ಕೊಟ್ರೆ ಬೆಟ್ಟಕ್ಕೂ ಪೌಡರ್ ಹಾಕ್ತೀಯ. ಹೋಗ್ಲಿ ಬಿಡು. ಏಳನೇ ಕ್ಲಾಸಿಗೆ ಬಿಟ್ಟೋರಿಗೆ ಏನಂತ ಹೇಳೋದು?”

ಗಿರಾಕಿಗಳಲ್ಲಿ ಒಬ್ಬ ನಕ್ಕ. ನಕ್ಕವನ ಪಾಸ್‌ಪೋರ್ಟ್ ಫೋಟೋಗೆ ನಾನು ಒಂದೇ ಒಂದು ನರಸಿಂಹವೂ ಕಡ್ಡಿ ಆಡಿಸಲಿಲ್ಲ. ಅವನನ್ನು ದೇವರು ಮಾಡಿದ ಹಾಗೆಯೇ ಕಳಿಸಿದೆ. ಆದರೆ ತಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ಅವನು ಹೇಳಿದ್ದು ನಿಜ ಎಂಬುದೇ ಹೆಚ್ಚು ಉರಿಸಿತು. ಸುಳ್ಳು ಹೇಳಿದ್ದರೆ ಬೈದು ಹಗುರಾಗಬಹುದಿತ್ತು.

ಅದಾದ ಕೆಲವು ವಾರಗಳಿಗೆ ಹಾಸನದ ಛಾಯಾಚಿತ್ರದವರ ಒಂದು ಬಳಗ ಕಪ್ಪು ಬಿಳುಪು ಸ್ಪರ್ಧೆ ಇಟ್ಟಿತು. ವಾಸುವಿಗೆ ಅದು ಸಾವು ಬದುಕಿನ ವಿಷಯವಾಯಿತು. ಶಾಲೆಯಲ್ಲಿ ಅವನ ಜೊತೆಯ ಮೇಷ್ಟರುಗಳು ಅವನನ್ನು ‘ಬಂಡೆ ಮೇಷ್ಟ್ರು’ ಎಂದು ಕರೆಯುತ್ತಿದ್ದರಂತೆ; ಒಂದು ಸಲ ಗೆದ್ದು ಅವರ ಬಾಯಿ ಮುಚ್ಚಿಸಬೇಕಿತ್ತು. ಒಂದು ಬೆಳಗಿನ ಜಾವ ಸ್ಕೂಟರ್ ಹತ್ತಿ ದಂಡಿಗನಹಳ್ಳಿ ಕಡೆಯ ಒಂದು ಕೆರೆಗೆ ಹೋಗಿ ಫೋಟೋ ತೆಗೆದ. ಕೊನೆಯ ದಿನ ಹತ್ತಿರ ಬಂದಿತ್ತು, ಅವನಿಗೆ ಪರೀಕ್ಷೆಯ ಕೆಲಸ. ಹಾಗಾಗಿ ನೆಗೆಟಿವ್ ಜೊತೆ ಒಂದು ಚೀಟಿ ಇಟ್ಟು ಬಸ್ಸಿನಲ್ಲಿ ಕಳಿಸಿದ. ನಾನು ದೊಡ್ಡ ಪ್ರಿಂಟು ಹಾಕಿ ನೇರವಾಗಿ ಹಾಸನಕ್ಕೆ ತಲುಪಿಸಬೇಕು. ಚೀಟಿಯಲ್ಲಿ ಹೀಗಿತ್ತು: ‘ಆಕಾಶ ಸುಣ್ಣವಾಗದಿರಲಿ. ಏರಿಯ ನೆರಳು ಕಪ್ಪಾಗಿರಲಿ, ಆದರೆ ಅದರಲ್ಲಿ ಜೀವ ಇರಲಿ. ಕಡ್ಡಿ ಆಡಿಸಬೇಡ.’ ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದ.

ಮೊದಲ ಪ್ರಿಂಟು ಹಾಕಿದೆ. ಮೇಲರ್ಧ ಆಕಾಶ ಮತ್ತು ನೀರು, ಬೆಳ್ಳಿಯ ಹಾಗೆ. ಕೆಳಗರ್ಧ ಕೆರೆ ಏರಿಯ ನೆರಳು, ಗಟ್ಟಿ ಕಪ್ಪು. ಆ ಕಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ಒಂದು ಬಿಳಿ ಚುಕ್ಕೆ. ಧೂಳಿರಬೇಕೆಂದು ನೆಗೆಟಿವ್ ಒರೆಸಿದೆ, ಹೋಗಲಿಲ್ಲ. ಏನಿದೆಯೋ ನೋಡೋಣವೆಂದು ಇನ್ನೊಂದು ಕಾಗದ ಹಾಕಿ ಆ ಜಾಗಕ್ಕೆ ಕಡ್ಡಿ ಅಡ್ಡ ಹಿಡಿದೆ. ಬೇಡವೆಂದು ಎರಡು ಗೆರೆ ಎಳೆದರೆ ಯಾರಿಗೆ ತಾನೇ ಕೈ ತಡೆಯುತ್ತದೆ? ಕಾಗದವನ್ನು ಟ್ರೇಗೆ ಬಿಟ್ಟು ಅಲ್ಲಾಡಿಸುತ್ತ ನಿಂತೆ. ಆಕಾಶ ಬಂತು, ನೀರು ಬಂತು, ಏರಿಯ ಕಲ್ಲುಗಳು ಒಂದೊಂದಾಗಿ ಬಂದವು. ಆಮೇಲೆ, ಕಲ್ಲುಗಳ ನಡುವೆ, ಕುಕ್ಕರಗಾಲಿನಲ್ಲಿ ಕೂತ ಒಬ್ಬ ಮನುಷ್ಯ ಎದ್ದು ಬಂದ. ತಲೆಗೆ ಟವೆಲ್ಲು. ಮೊಣಕಾಲಿನ ಮೇಲೆ ಕೈ. ಮುಖ ಕೆರೆಯ ಕಡೆ. ಪಕ್ಕದಲ್ಲಿ ಚೊಂಬು. ಸಾಸಿವೆ ಕಾಳು ಎಂದುಕೊಂಡದ್ದು ಚೊಂಬಿನ ಹೊಳಪು.

ಬೆಳಗಿನ ಜಾವ ಕೆರೆ ಏರಿಯ ಮರೆಯಲ್ಲಿ ಚೊಂಬು ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತ ಮನುಷ್ಯ ಏನು ಮಾಡುತ್ತಿರುತ್ತಾನೆ ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ವಿವರಿಸಿ ಹೇಳಬೇಕಾಗಿಲ್ಲ. ನಾನು ಸೆರಗು ಬಾಯಿಗೆ ಇಟ್ಟುಕೊಂಡು ನಗಲು ಹೋಗಿ ಹೈಪೋ ವಾಸನೆಗೆ ಕೆಮ್ಮಿದೆ. ಕಪ್ಪಿನೊಳಗೆ ಜೀವ ಇರಲಿ ಎಂದಿದ್ದ ತಮ್ಮ. ಇದೋ, ಜೀವ.

ಈಗ ತಪ್ಪೊಪ್ಪಿಗೆಯ ಭಾಗ. ಆ ಮನುಷ್ಯನನ್ನು ಮಾಯ ಮಾಡುವುದು ನನಗೆ ಕಷ್ಟವಿರಲಿಲ್ಲ. ಮಾಡಿಯೂ ಮಾಡಿದೆ. ಮೂರನೆಯ ಪ್ರಿಂಟಿನಲ್ಲಿ ಆಕಾಶಕ್ಕೆ ಕೈ ಅಡ್ಡ ಹಿಡಿದು, ಅವನು ಕೂತ ಜಾಗಕ್ಕೆ ಮಾತ್ರ ಐದು ನರಸಿಂಹ ಹೆಚ್ಚು ಬೆಳಕು ಕೊಟ್ಟೆ. ಮನುಷ್ಯನೂ ಮುಳುಗಿದ, ಚೊಂಬೂ ಮುಳುಗಿತು, ಸುತ್ತಲ ಕಲ್ಲುಗಳು ಮಾತ್ರ ಇದ್ದೂ ಇಲ್ಲದ ಹಾಗೆ ಉಳಿದವು. ವಾಸು ಹೇಳುತ್ತಿದ್ದ ಸಮತೂಕ ಏನೆಂದು ಅವತ್ತೇ ನನ್ನ ಕೈಗೆ ಗೊತ್ತಾದದ್ದು. ಕಪ್ಪು ಬಿಳುಪನ್ನು ಹೊತ್ತುಕೊಂಡಿತ್ತು, ಬಿಳುಪು ಕಪ್ಪನ್ನು ಹೆದರಿಸಿರಲಿಲ್ಲ. ಕೊನೆಯ ಎರಡು ಪ್ರಿಂಟುಗಳನ್ನು ದಾರಕ್ಕೆ ನೇತುಹಾಕಿ ಎದುರಿಗೆ ಕೂತೆ. ಒಂದರಲ್ಲಿ ಬರೀ ಕೆರೆ. ಇನ್ನೊಂದರಲ್ಲಿ ಕೆರೆ ಮತ್ತು ಅವನು. ಆ ಹೊತ್ತಿಗೆ ಕಿವಿಯಲ್ಲಿ ‘ಏಳನೇ ಕ್ಲಾಸಿಗೆ ಬಿಟ್ಟೋರಿಗೆ’ ಎಂದದ್ದು ಕೇಳಿತು. ಆ ಗಿರಾಕಿಯ ನಗುವೂ ಕೇಳಿತು. ನಾನು ಅವನಿದ್ದ ಪ್ರಿಂಟನ್ನು ರಟ್ಟಿನ ನಡುವೆ ಇಟ್ಟು, ಹಾಸನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಇನ್ನೊಂದನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹಾಕಿದೆ. ಇವನು ಹಾಸನದಲ್ಲಿ ಒಂದು ಸಲ ತಲೆ ತಗ್ಗಿಸಲಿ ಎಂದುಕೊಂಡೆ. ಹೀಗೆಂದುಕೊಂಡದ್ದು ಅಕ್ಕ. ಒಡಹುಟ್ಟಿದ ಅಕ್ಕ.

ಆದರೆ ಅವನು ತಲೆ ತಗ್ಗಿಸಲಿಲ್ಲ. ಮೊದಲ ಬಹುಮಾನ ಬಂತು.

ಪ್ರದರ್ಶನದ ದಿನ ನಾನೂ ಹಾಸನಕ್ಕೆ ಹೋಗಿದ್ದೆ. ಗೋಡೆಯ ನಟ್ಟನಡುವೆ ನಮ್ಮ ಪ್ರಿಂಟು, ಅದಕ್ಕೊಂದು ಚೆಂಡುಹೂವಿನ ಹಾರ. ಸತ್ತವರ ಪಟಕ್ಕೆ ಬಿಟ್ಟು ನಮ್ಮ ಸ್ಟುಡಿಯೋದ ಯಾವ ಫೋಟೋಗೂ ಅದುವರೆಗೆ ಹಾರ ಬಿದ್ದಿರಲಿಲ್ಲ. ವಾಸು ಮೊದಲ ಸಲ ಪ್ರಿಂಟು ನೋಡುತ್ತಿದ್ದ. ಹತ್ತಿರ ಹೋದ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

“ಅಕ್ಕ, ಇವನ್ಯಾರು?”

“ತೆಗೆದೋನು ನೀನು, ನನ್ನ ಕೇಳ್ತೀಯಲ್ಲ?”

ಅಷ್ಟರಲ್ಲಿ ತೀರ್ಪುಗಾರರು ಬಂದರು. ಬೆಂಗಳೂರಿನವರು, ಜರಿ ಅಂಚಿನ ಶಾಲು, ಬಿಳಿ ಗಡ್ಡ. ವಾಸುವಿನ ಭುಜದ ಮೇಲೆ ಕೈ ಇಟ್ಟು, “ಅದ್ಭುತ ಕಣ್ರೀ! ಕತ್ತಲೆಯ ಗರ್ಭದಲ್ಲಿ ಒಬ್ಬ ರೈತ. ಸೂರ್ಯನಿಗೆ ಅರ್ಘ್ಯ ಕೊಡೋಕೆ ಪಾತ್ರೆ ಇಟ್ಟುಕೊಂಡು ಧ್ಯಾನದಲ್ಲಿ ಕೂತಿದಾನೆ. ಈ ಕ್ಷಣಕ್ಕೆ ಎಷ್ಟು ದಿನ ಕಾದ್ರಿ?” ಎಂದರು. ವಾಸು ನನ್ನ ಕಡೆ ನೋಡಿದ, ಗಡ್ಡದ ಕಡೆ ನೋಡಿದ, ಹಾರದ ಕಡೆ ನೋಡಿದ. ಅವನು ಸುಳ್ಳು ಹೇಳಿದ್ದನ್ನು ನಾನು ಚಿಕ್ಕಂದಿನಿಂದ ಕಂಡಿರಲಿಲ್ಲ. ಒಂದು ಸಲ ಬೆಲ್ಲ ಕದ್ದಾಗಲೂ ತಾನೇ ಬಂದು ಹೇಳಿ ಏಟು ತಿಂದಿದ್ದ.

“ಮೂರು ದಿನ ಸರ್” ಎಂದ.

ಹಾಸನದ ಜನಕ್ಕೆ ಆ ಮನುಷ್ಯ ಏನು ಮಾಡುತ್ತಿದ್ದಾನೆಂದು ಗೊತ್ತಾಗಲಿಲ್ಲ ಎಂದು ನಾನು ನಂಬುವುದಿಲ್ಲ. ಗೊತ್ತಾಗಿತ್ತು; ಒಬ್ಬಿಬ್ಬರು ಹತ್ತಿರ ಹೋಗಿ ನೋಡಿ ಕೆಮ್ಮಿ ಹಿಂದೆ ಬಂದದ್ದನ್ನು ನಾನೇ ಕಂಡೆ. ಆದರೆ ಬೆಂಗಳೂರಿನಿಂದ ಬಂದವರು ಧ್ಯಾನ ಎಂದಮೇಲೆ ಅದು ಧ್ಯಾನವೇ. ಅಷ್ಟು ದೂರದಿಂದ ಬಂದವರನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿ ತೋರಿಸಲಾಗುತ್ತದೆಯೇ? ಮರುದಿನ ಪೇಪರಿನಲ್ಲೂ ಬಂತು: ‘ಧ್ಯಾನಸ್ಥ ಅನಾಮಧೇಯ ರೈತ. ಛಾಯಾಚಿತ್ರ: ಹೊಳೆನರಸೀಪುರದ ವಾಸುದೇವ.’ ಬಹುಮಾನ ಕೊಡುವ ಸಮಾರಂಭ ಎರಡು ವಾರ ಬಿಟ್ಟು ಇತ್ತು. ಅಷ್ಟರಲ್ಲಿ ವಾಸುವಿನ ಮೂರು ದಿನ ಬೆಳೆಯುತ್ತ ಹೋಯಿತು. ಶಾಲೆಯಲ್ಲಿ ಹೇಳುವಾಗ ಒಂದು ವಾರವಾಯಿತು. ನಮ್ಮ ಚಿಕ್ಕಪ್ಪನಿಗೆ ಹೇಳುವಾಗ ಮಂಜು, ಚಳಿ, ಒಂದು ನಾಗರಹಾವು ಸೇರಿಕೊಂಡವು. ನಾನು ಒಂದು ಪ್ರಿಂಟು ಹಾಕಿದ್ದೆ. ಅವನು ದಿನಕ್ಕೊಂದು ಹಾಕತೊಡಗಿದ. ಅವನ ಸುಳ್ಳಿಗೆ ನೆಗೆಟಿವ್ ಒದಗಿಸಿದವಳು ನಾನು ಎಂದು ನನಗೆ ಅನ್ನ ಸೇರುತ್ತಿರಲಿಲ್ಲ. ಸೇರಿದಷ್ಟು ತಿನ್ನುತ್ತಿದ್ದೆ.

ಸಂತೆಯ ದಿನ ಅಂಗಡಿಗೆ ಒಬ್ಬ ಬಂದ. ಐವತ್ತರ ಆಸುಪಾಸು, ತಲೆಗೆ ಟವೆಲ್ಲು, ಕೈಯಲ್ಲಿ ಎಣ್ಣೆ ಇಳಿದ ಪೇಪರಿನ ತುಂಡು. ಬೋಂಡ ಕಟ್ಟಿಸಿಕೊಂಡ ಕಾಗದ ಇರಬೇಕು.

“ಈ ಪೋಟ ತಗ್ದಿರೋದು ನೀವೇ ಏನಕ್ಕ?”

“ನಮ್ಮ ತಮ್ಮ. ಯಾಕೆ?”

“ಇದು ನಾನು ಕಣಕ್ಕ. ಬೋರಣ್ಣ ಅಂತ.”

ನಾನು ಪೇಪರಿನ ತುಂಡನ್ನು ಬೆಳಕಿಗೆ ಹಿಡಿದೆ. “ಮುಖಾನೇ ಕಾಣಲ್ವಲ್ಲಪ್ಪ, ನೀವೇ ಅಂತ ಹೆಂಗೆ ಹೇಳ್ತೀರಿ?”

“ಮಕ ಯಾಕಕ್ಕ ಬೇಕು? ಆ ಎರಡು ಕಲ್ಲು ನೋಡಿ. ಅದು ನಮ್ಮಪ್ಪನ್ ಕಾಲದಿಂದ್ಲೂ ನಮ್ ಜಾಗ. ಎಡಗಡೀಕೆ ಪಟೇಲ್ರ ಮನೆಯೋರು, ಬಲಗಡೀಕೆ ನಮ್ ಬಾವುಂದು. ನಮ್ ಜಾಗದಾಗೆ ಇನ್ಯಾವನ್ ಬಂದ್ ಕೂತ್ಕತಾನೆ? ಕೂತ್ಕಂಡ್ರೆ ನಾ ಬುಟ್ಬುಡ್ತೀನಾ?”

ಪಹಣಿಯಲ್ಲಿ ಇಲ್ಲದಿದ್ದರೂ ಅಷ್ಟು ಖಚಿತವಾದ ಆಸ್ತಿ ಹಕ್ಕನ್ನು ನಾನು ನೋಡಿರಲಿಲ್ಲ. ಇವನು ಜಗಳಕ್ಕೆ ಬಂದಿರಬೇಕೆಂದು, “ತಪ್ಪಾಯ್ತು ಬೋರಣ್ಣ, ತಿಳೀದೆ ಆಗೋಯ್ತು” ಎಂದೆ.

“ತಪ್ಪೇನ್ ಬಂತಕ್ಕ! ನಮ್ಮೂರಾಗೆ ಪೇಪರ್ನಾಗೆ ಬಂದೋನು ನಾನೊಬ್ನೇ. ಪಟೇಲ್ರ ಮಗ ಎಲೆಕ್ಸನ್ಗೆ ನಿಂತಿದ್ದ, ಅವಂದೂ ಬರ್ಲಿಲ್ಲ. ಆದ್ರೆ ಇದೇನು, ಎಸ್ರೇ ಆಕಿಲ್ವಲ್ಲ? ಅನಾಮದೇಯ ಅಂತೆ. ನಂಗೆ ಎಸ್ರಿಲ್ವಾ?”

ನಾನು ಕಾಫಿ ತರಿಸಿಕೊಟ್ಟೆ. ಅವನು ಒಂದು ಕಾಪಿ ಕೇಳಿದ, “ಮಕ ಒಂಚೂರು ಬೆಳ್ಳಗ್ ಮಾಡ್ಕೊಡಕ್ಕ” ಎಂದೂ ಸೇರಿಸಿದ. ಅಲ್ಲಿಗೆ ನನ್ನ ಕಸುಬಿನ ಮೇಲೆ ನಂಬಿಕೆ ಮರಳಿತು. ಹೋಗುವಾಗ ಬಾಗಿಲಲ್ಲಿ ನಿಂತು, “ಆಸ್ನದಾಗೆ ಏನೋ ಪಂಕ್ಸನ್ ಅಂತೆ? ಬತ್ತೀನಿ ಕಣಕ್ಕ” ಎಂದ.

“ಬ್ಯಾಡ ಬೋರಣ್ಣ, ಬರೀ ಭಾಷಣ ಅಲ್ಲಿ.”

“ಇರ್ಲೇಳಕ್ಕ. ಬಾಸಣ ಕೇಳೋಕೆ ನಂಗೇನ್ ಕಾಯಿಲೆನಾ?” ಎಂದು ನಡೆದ.

ವಾಸುವಿಗೆ ಹೇಳಲೇಬೇಕು ಎಂದು ಎದುರಿನ ಫೋನ್ ಬೂತಿಗೆ ಓಡಿ ಶಾಲೆಗೆ ಫೋನು ಮಾಡಿದೆ. ಅವನು ಫೋನಿನ ಹತ್ತಿರ ಬರುವ ತನಕ ಮನಸ್ಸಿನಲ್ಲಿ ಎಲ್ಲ ಜೋಡಿಸಿಟ್ಟುಕೊಂಡೆ: ಎರಡು ಪ್ರಿಂಟು, ಟ್ರಂಕು, ಬೋರಣ್ಣ. ಅವನು ಬಂದ. ನಾನು ಬಾಯಿ ತೆಗೆಯುವ ಮೊದಲೇ, “ಅಕ್ಕ, ಭಾಷಣ ಬರೀತಿದ್ದೆ. ಗುರುಗಳಿಗೆ, ಅಪ್ಪಂಗೆ, ಕ್ಯಾಮೆರಾಗೆ ಎಲ್ಲಾ ಥ್ಯಾಂಕ್ಸ್ ಹೇಳ್ತಿದೀನಿ” ಎಂದ. “ಇನ್ಯಾರಿಗೂ ಇಲ್ವಾ?” ಎಂದೆ. ಸ್ವಲ್ಪ ಯೋಚಿಸಿ, “ಹೌದಲ್ಲ, ಸ್ಕೂಟರ್ ಕೊಟ್ಟ ಹೆಡ್‌ಮಾಸ್ಟರಿಗೆ ಮರೆತೇಬಿಟ್ಟಿದ್ದೆ” ಎಂದ. ನಾನು, “ಒಳ್ಳೆ ಷರಟು ಹಾಕ್ಕೊಂಡು ಹೋಗೋ” ಎಂದು ಫೋನು ಇಟ್ಟೆ. ಹೀಗೆ ತಪ್ಪು ಎರಡಾಯಿತು. ಮೊದಲನೆಯದು ಸಿಟ್ಟಿನಲ್ಲಿ, ಎರಡನೆಯದು ಪೂರ್ಣ ಎಚ್ಚರದಲ್ಲಿ.

ಸಮಾರಂಭಕ್ಕೆ ಬೋರಣ್ಣ ನನಗಿಂತ ಮೊದಲೇ ಬಂದಿದ್ದ. ಇಸ್ತ್ರಿ ಮಾಡಿದ ಪಂಚೆ, ಹೊಸ ಟವೆಲ್ಲು. ತಾನೇ ಫೋಟೋದವನು ಎಂದು ಬಾಗಿಲಲ್ಲಿ ಹೇಳಿದ್ದೇ ತಡ, ಸಂಘಟಕರು ಅವನನ್ನು ಮೆರವಣಿಗೆಯಂತೆ ಕರೆದುಕೊಂಡು ಹೋಗಿ ವೇದಿಕೆಯ ಮೇಲೆ, ಗಡ್ಡದವರ ಪಕ್ಕದಲ್ಲೇ ಕೂರಿಸಿದ್ದರು. ವಾಸು ಆ ಕಡೆಯ ಕುರ್ಚಿಯಲ್ಲಿದ್ದ. ‘ಚಿತ್ರದ ರೈತರು’ ಎಂದು ಪರಿಚಯ ಮಾಡಿಕೊಟ್ಟಾಗ ವಾಸುವಿನ ಮುಖ ನೋಡಬೇಕಿತ್ತು; ಯಾವ ಕಡ್ಡಿಯೂ ಇಲ್ಲದೆ ಅಷ್ಟು ಬೆಳ್ಳಗಾದ ಮುಖವನ್ನು ನಾನು ಕಂಡಿಲ್ಲ. ಆದರೂ ಸಾವರಿಸಿಕೊಂಡು ಭಾಷಣ ಮಾಡಿದ. ಕಪ್ಪು ಬಿಳುಪಿನ ಸಮತೂಕದ ಬಗ್ಗೆ ಹೇಳಿದ. ಕಾದ ದಿನಗಳನ್ನು ಮತ್ತೆ ಮೂರಕ್ಕೆ ಇಳಿಸಿದ, ಹಾವನ್ನೂ ಬಿಟ್ಟ. ಸಾಕ್ಷಿ ಪಕ್ಕದಲ್ಲೇ ಕೂತಿತ್ತಲ್ಲ.

ಆಮೇಲೆ ಗಡ್ಡದವರು ಮೈಕು ಹಿಡಿದು ಬೋರಣ್ಣನ ಕಡೆ ತಿರುಗಿದರು. “ಹೇಳಿ ಯಜಮಾನರೇ, ಆ ಪವಿತ್ರ ಮುಂಜಾವಿನಲ್ಲಿ, ಆ ನೀರಿನ ಎದುರು, ನೀವು ಏನು ಮಾಡ್ತಾ ಕೂತಿದ್ರಿ? ನಿಮ್ಮ ಮಾತಿನಲ್ಲೇ ಹೇಳಿ.”

ಬೋರಣ್ಣ ಮೈಕನ್ನು ಒಮ್ಮೆ ನೋಡಿದ. ಗಡ್ಡದವರನ್ನು, ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟೂ ತಿಳಿಯದೇ ಎಂಬ ಕನಿಕರದಿಂದ ನೋಡಿದ.

“ಎಲ್ಡಕ್ಕೆ ಓಗಿದ್ದೆ ಸಾ” ಎಂದ.

ಸಭೆ ಒಂದು ನರಸಿಂಹದಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ಹಿಂದಿನ ಸಾಲಿನಿಂದ ಶುರುವಾದ ನಗು ಫ್ಯಾನುಗಳನ್ನೂ ಅಲ್ಲಾಡಿಸುವ ಹಾಗೆ ಮುಂದಕ್ಕೆ ಬಂತು. ಎರಡು ವಾರದಿಂದ ತಡೆದುಕೊಂಡಿದ್ದ ಹಾಸನದ ನಗು ಅದು. ಬೋರಣ್ಣನಿಗೆ ಅರ್ಥವಾಗಲಿಲ್ಲ. “ಯಾಕ್ ನಗ್ತೀರ್ಲಾ? ನೀವ್ಯಾರೂ ಓಗಕಿಲ್ವಾ?” ಎಂದು ಮೈಕಿನಲ್ಲೇ ಕೇಳಿದ. ಗಡ್ಡದವರು ಶಾಲು ಸರಿಮಾಡಿಕೊಂಡು, ನಿಧಾನವಾಗಿ ವಾಸುವಿನ ಕಡೆ ತಿರುಗಿ, “ಮೂರು ದಿನ ಇದಕ್ಕೇ ಕಾದ್ರಾ?” ಎಂದರು.

ವಾಸುವಿನ ಶಾಲೆಯ ಮೇಷ್ಟರುಗಳು ಎರಡನೇ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನು ಎದ್ದು ಮೈಕಿನ ಹತ್ತಿರ ಬಂದ. ನಾನು ಬೇಡವೆನ್ನುವ ಹಾಗೆ ಕೈ ಎತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ, ನಾನು ಬೇಕೆಂದೇ ಮಾಡಿದೆ ಎಂಬ ಗುಮಾನಿ ಇತ್ತು.

“ಸರ್, ನಾನು ಕಾಯ್ಲಿಲ್ಲ. ಇವರನ್ನ ನೋಡ್ಲೂ ಇಲ್ಲ. ನನಗೆ ಕಂಡಿದ್ದು ಬರೀ ಕಪ್ಪು. ಕಪ್ಪಿನಿಂದ ಇವರನ್ನ ಹೊರಗೆ ತಂದೋರು ನಮ್ಮಕ್ಕ. ಪ್ರಿಂಟ್ ಮಾಡಿದ್ದು ಅವರು. ಅಲ್ಲಿ ಕೂತಿದಾರೆ, ಪದ್ಮಾವತಿ ಅಂತ. ಏನು ಕೇಳೋದಿದ್ರೂ ಅವರನ್ನ ಕೇಳಿ.”

ಅವನು ಅದನ್ನು ಹೇಳಿದ್ದು ನನ್ನನ್ನು ಹಿಡಿದುಕೊಡಲಿಕ್ಕೆ. ಅದರಲ್ಲಿ ಅನುಮಾನವಿಲ್ಲ. ಸಭೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಮಾನ ಮರ್ಯಾದೆ ಇದ್ದವರು ಆಗ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕು, ಇಲ್ಲವೇ ಬಾಗಿಲು ಹುಡುಕಬೇಕು. ಆದರೆ ನನ್ನ ಹೆಸರನ್ನು, ಅದೂ ಪೂರ್ತಿ ಹೆಸರನ್ನು, ಯಾರಾದರೂ ಮೈಕಿನಲ್ಲಿ ಹೇಳಿದ್ದು ಅದೇ ಮೊದಲು. ಹದಿನಾರು ವರ್ಷ ಸಾವಿರಾರು ಮುಖ ತೊಳೆದಿದ್ದೆ, ‘ಪ್ರಿಂಟ್ ಮಾಡಿದ್ದು ಪದ್ಮಾವತಿ’ ಎಂದವರು ಯಾರೂ ಇರಲಿಲ್ಲ. ನಾನು ಎದ್ದು ನಿಂತೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿ ಎಲ್ಲರಿಗೂ ಕೈ ಮುಗಿದೆ. ಬೋರಣ್ಣ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಮನೆಗೆ ಬರುವ ಬಸ್ಸಿನಲ್ಲಿ ವಾಸು ಮುಂದಿನ ಸೀಟಿನಲ್ಲಿ ಕೂತ, ನಾನು ಹಿಂದೆ. ಅರ್ಧ ದಾರಿಯಲ್ಲಿ ಎದ್ದು ಬಂದು ಪಕ್ಕದಲ್ಲಿ ನಿಂತು, “ಅವನಿಲ್ಲದ ಪ್ರಿಂಟೂ ಮಾಡಿದ್ಯಾ?” ಎಂದು ಕೇಳಿದ.

“ಇಲ್ಲ. ಒಂದೇ ಮಾಡಿದ್ದು. ಗೊತ್ತಾಗ್ಲಿಲ್ಲ ಕಣೋ, ಓದಿಲ್ವಲ್ಲ ನಾನು” ಎಂದೆ.

ಅವನು ನಂಬಿದ. ತನ್ನ ಮಾತೇ ತಿರುಗಿ ಬಂದದ್ದಕ್ಕೆ ಪಾಪ ಅವನೇ ನಾಚಿಕೊಂಡ. ಆದರೆ ಆಮೇಲೆ ಒಂದು ರೋಲೂ ನನಗೆ ತಂದುಕೊಡಲಿಲ್ಲ. ಶನಿವಾರ ಬರುವನು, ಊಟ ಮಾಡುವನು, ಅಪ್ಪನ ಕೆಮ್ಮು ವಿಚಾರಿಸುವನು. ಎರಡರಿಂದ ನಾಲ್ಕರ ತನಕ ನಾನು ಸೌದೆ ಕೋಣೆಯ ಬಾಗಿಲು ತೆಗೆದಿಟ್ಟುಕೊಂಡು ಕಾಯುತ್ತಿದ್ದೆ. ಅವನು ಜಗಲಿಯಲ್ಲಿ ಪೇಪರ್ ಓದುತ್ತಿದ್ದ. ಕೆಲವು ವರ್ಷಗಳಲ್ಲಿ ಎಲ್ಲ ಬಣ್ಣವಾಯಿತು, ಬಣ್ಣವೂ ಹೋಗಿ ಕಂಪ್ಯೂಟರ್ ಬಂತು, ಟ್ರೇಗಳಲ್ಲಿ ನಾನು ಹಪ್ಪಳ ಒಣಗಿಸತೊಡಗಿದೆ. ಅವನ ಹತ್ತಿರ ನಿಜ ಹೇಳಿ ಕಾಲು ಹಿಡಿದುಕೊಳ್ಳಬೇಕೆಂದು ಅನೇಕ ಸಲ ಹೊರಟಿದ್ದೇನೆ. ಅಕ್ಕ ತಮ್ಮನ ಕಾಲು ಹಿಡಿಯಬಾರದು ಎಂಬ ಶಾಸ್ತ್ರ ಪ್ರತಿ ಸಲವೂ ಸಮಯಕ್ಕೆ ಸರಿಯಾಗಿ ನೆನಪಾಗುತ್ತದೆ.

ವರ್ಷಕ್ಕೊಂದು ಸಲ ಟ್ರಂಕು ಬಿಸಿಲಿಗೆ ಹಾಕುವಾಗ ಬರೀ ಕೆರೆಯ ಆ ಪ್ರಿಂಟು ಕೈಗೆ ಸಿಗುತ್ತದೆ. ಬಹುಮಾನದ ಪ್ರಿಂಟನ್ನು ವಾಸು ಸಮಾರಂಭದ ದಿನವೇ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬಂದಿದ್ದ. ಅದನ್ನೂ ನಾನೇ ಎತ್ತಿಕೊಂಡು ಬಂದು ಇಟ್ಟಿದ್ದೇನೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ತಮ್ಮನಿಗೆ ಮೋಸ ಮಾಡಿದೆನಲ್ಲ ಎಂದು ಅಳಲು ಕೂರುತ್ತೇನೆ. ಕಣ್ಣು ಸ್ವಲ್ಪ ತೇವವೂ ಆಗುತ್ತದೆ. ಆಗ ನೋಟ ಹೇಗೋ ಬೋರಣ್ಣನ ಕಡೆಗೆ ಹೋಗುತ್ತದೆ: ಟವೆಲ್ಲಿನ ಮಡಿಕೆ, ಮೊಣಕಾಲ ಮೇಲಿನ ಕೈ, ಸುತ್ತಲ ಕಪ್ಪಿಗೆ ಒಂದಿಷ್ಟೂ ನೋವಾಗದಂತೆ ಹೊರಗೆ ಬಂದಿರುವ ಬೆನ್ನು. ಬರೀ ಕೆರೆಯ ಪ್ರಿಂಟು ಒಳ್ಳೆಯದೇ. ಆದರೆ ಇದು ಅದಕ್ಕಿಂತ ಒಳ್ಳೆಯದು, ಏನು ಮಾಡಲಿ? ಎದೆ ಬಡಿದುಕೊಳ್ಳಲು ಎತ್ತಿದ ಕೈ ದಾರಿ ತಪ್ಪಿ, ನನ್ನ ಬೆನ್ನನ್ನೇ ಮೆಲ್ಲಗೆ ತಟ್ಟಿ ಕೆಳಗಿಳಿಯುತ್ತದೆ.